ಅಣ್ಣ ಹೊಡೆದ ಎಣ್ಣೆ, ನನ್ನ ಹತ್ತಿ

ನನ್ನ ಅಣ್ಣನನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಕ್ಷಮಿಸಿಬಿಡು ಎಂದು ಬುದ್ಧಿ ಹೇಳಿದವರು ಬಹಳ ಜನ. ಅವರಲ್ಲಿ ಒಬ್ಬರ ಬೆಳೆಯೂ ಅವನ ಕೈಯಿಂದ ಹಾಳಾಗಿರಲಿಲ್ಲ.

ನಾನು ಕುಂದಗೋಳದಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಕಲಿಸುತ್ತೇನೆ. ನಮ್ಮ ಊರು, ಹೊಲ ಎರಡೂ ಸಂಶಿಯ ಕಡೆ. ಅಪ್ಪ ಸಾಯುವ ಮೊದಲು ಮೂರು ಎಕರೆ ಎರೆ ಹೊಲವನ್ನು ನನ್ನ ಹೆಸರಿಗೆ ಮಾಡಿಸಿದ. ನಾನು ಕೇಳಿರಲಿಲ್ಲ. ಮದುವೆಯಾಗದೆ ಉಳಿದ ಮಗಳಿಗೆ ಕಾಲಿಡಲು ಸ್ವಂತದ ನೆಲ ಇರಲಿ ಎಂದು ಅವನೇ ಯೋಚಿಸಿ ಮಾಡಿದ್ದು. ಉಳಿದ ಹೊಲವೆಲ್ಲ ಅಣ್ಣನದೇ, ಆದರೂ ಆ ಮೂರು ಎಕರೆ ಅವನ ಗಂಟಲಲ್ಲಿ ಮುಳ್ಳಾಗಿ ನಿಂತಿತು. ನನ್ನ ಹೊಲದ ಪಶ್ಚಿಮಕ್ಕೂ ಪೂರ್ವಕ್ಕೂ ಅವನ ಹೊಲಗಳೇ. ದಕ್ಷಿಣಕ್ಕೆ ನಾವು ಚಿಕ್ಕಂದಿನಿಂದ ಚಾಚಾ ಎಂದು ಕರೆಯುವ ಮುದುಕರ ಹೊಲ.

ಮೊದಲ ವರ್ಷವೇ ಹತ್ತಿ ಹಾಕಿದೆ. ಪ್ರತಿ ರವಿವಾರ ಮೊದಲ ಬಸ್ಸು ಹಿಡಿದು ಹೋಗಿ ಆಳುಗಳ ಜೊತೆ ಕಳೆ ತೆಗೆಯುತ್ತಿದ್ದೆ. ಗಿಡ ಮೊಣಕಾಲೆತ್ತರ ಬಂದು, ಎಲೆ ಅಂಗೈ ಅಗಲ ಆಗಿತ್ತು. ಪರೀಕ್ಷೆಯ ಕೆಲಸದಿಂದ ಒಂದು ರವಿವಾರ ತಪ್ಪಿಸಿ ಅದರ ಮುಂದಿನ ರವಿವಾರ ಹೋದಾಗ ಹೊಲ ಗುರುತು ಸಿಗಲಿಲ್ಲ. ಕೆಳಗಿನ ಹಳೆ ಎಲೆಗಳು ಮೊದಲಿನಂತೆಯೇ ಇದ್ದವು. ಹೊಸದಾಗಿ ಬಂದ ಎಲೆಗಳು ಮಾತ್ರ ಎಲೆಯ ಹಾಗಿರಲಿಲ್ಲ. ಅಗಲವೇ ಇಲ್ಲ. ನರಗಳೆಲ್ಲ ಒತ್ತೊತ್ತಾಗಿ ಸೇರಿ, ತುದಿಗಳು ಬೆರಳಿನಂತೆ ಉದ್ದ ಎಳೆದುಕೊಂಡಿದ್ದವು. ಕಾಂಡ ತಿರುಚಿತ್ತು. ಪಶ್ಚಿಮದ ಬದುವಿನ ಕಡೆ ಹೆಚ್ಚು, ಪೂರ್ವಕ್ಕೆ ಹೋದಂತೆ ಕಡಿಮೆ.

ಅಣ್ಣ ಪಶ್ಚಿಮಕ್ಕಿದ್ದ ತನ್ನ ಗೋವಿನಜೋಳದ ಹೊಲದಲ್ಲಿ ನಿಂತಿದ್ದ.

"ಅಣ್ಣಾ, ನನ್ನ ಹತ್ತಿಗೆ ಏನಾಗೇತಿ ನೋಡಿದೇನು?" ಎಂದು ಕೂಗಿದೆ.

"ನೋಡೀನಿ. ಹೆಣ್ಮಗಳ ಹೆಸರಿಗೆ ಹ್ವಾದ ಭೂಮಿ ಹಿಂಗ ಆಗೂದ. ಅಪ್ಪಗ ಆವಾಗನ ಹೇಳಿದ್ದೆ," ಎಂದ. ತಿರುಗಿಯೂ ನೋಡದೆ ಹೋದ.

ಒಂದು ವಾರದೊಳಗೆ ಊರೆಲ್ಲ ಅದೇ ಮಾತಾಯಿತು. ಭೂಮ್ತಾಯಿಗೆ ಮನಸ್ಸಿಲ್ಲವಂತೆ, ಕಾಲೇಜಿನ ಅಕ್ಕಾರ ಕಾಲ್ಗುಣವಂತೆ. ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಹೆಂಗಸು ನನ್ನ ಕೈ ಹಿಡಿದು, "ಹೊಲಾ ಅಣ್ಣಗ ಬಿಟ್ಟಕೊಡ್ರಿ, ನಿಮಗ ಒಲಿಯಂಗಿಲ್ಲ ಅದು," ಎಂದಳು. ಪಾಪ, ಅವಳಿಗೆ ನಿಜವಾಗಿಯೂ ನನ್ನ ಮೇಲೆ ಮರುಕ. ಆ ಮರುಕ ನನ್ನನ್ನು ಸುಟ್ಟಷ್ಟು ಅಣ್ಣನ ಮಾತು ಸುಡಲಿಲ್ಲ.

ಆದರೆ ಏನಾಗಿದೆ ಎಂಬುದು ನನಗೆ ಬದುವಿನ ಮೇಲೆಯೇ ಗೊತ್ತಾಗಿತ್ತು. ಎಷ್ಟೋ ವರ್ಷಗಳಿಂದ ಅದನ್ನೇ ಪಾಠ ಮಾಡುತ್ತಿದ್ದವಳು ನಾನು. ಗಿಡದ ಜೀವಕೋಶಕ್ಕೆ ಕಣ್ಣಿಲ್ಲ, ಕಿವಿಯಿಲ್ಲ. ಯಾವಾಗ ಬೆಳೆಯಬೇಕು, ಎತ್ತ ಬಾಗಬೇಕು ಎಂಬುದು ಅದಕ್ಕೆ ತಿಳಿಯುವುದು ರಾಸಾಯನಿಕಗಳಿಂದ. ಚಿಗುರಿನಲ್ಲಿ ಆಕ್ಸಿನ್ ಎಂಬ ಹಾರ್ಮೋನು ಹುಟ್ಟಿ ಕೆಳಗೆ ಹರಿಯುತ್ತದೆ. ಕೋಶದೊಳಗೆ ಅದನ್ನು ಹಿಡಿಯುವ ಒಂದು ಪ್ರೋಟೀನು ಇದೆ. ಆಕ್ಸಿನ್ ಬಂದು ಅದರಲ್ಲಿ ಕೂತರೆ, ಬೆಳವಣಿಗೆಯನ್ನು ತಡೆದು ಹಿಡಿದಿದ್ದ ಇನ್ನೊಂದು ಪ್ರೋಟೀನು ನಾಶವಾಗುತ್ತದೆ, ಕೋಶ ಬೆಳೆಯತೊಡಗುತ್ತದೆ. ಕೆಲಸ ಮುಗಿದ ಮೇಲೆ ಆ ಹಾರ್ಮೋನನ್ನು ಗಿಡವೇ ಅರಗಿಸಿಬಿಡುತ್ತದೆ. ಗೋವಿನಜೋಳದ ಕಳೆಗೆ ಹೊಡೆಯುವ, ಊರಿನವರು ಕಸದ ಎಣ್ಣೆ ಎನ್ನುವ ಟು-ಫೋರ್-ಡಿ ಎಂಬ ಔಷಧ ಇದೇ ಆಕ್ಸಿನ್ನಿನ ಆಕಾರದ್ದು. ಅದೇ ಪ್ರೋಟೀನಿನಲ್ಲಿ ಹೋಗಿ ಕೂರುತ್ತದೆ. ಕೋಶಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ, ಅರಗಿಸಲೂ ಬರುವುದಿಲ್ಲ. ಬೆಳೆ, ಬೆಳೆ ಎಂಬ ಅಪ್ಪಣೆ ನಿಲ್ಲುವುದೇ ಇಲ್ಲ, ಗಿಡ ಅಡ್ಡಾದಿಡ್ಡಿ ಬೆಳೆದೇ ಸಾಯುತ್ತದೆ. ಗೋವಿನಜೋಳ ಹುಲ್ಲಿನ ಜಾತಿಯದು, ಅದನ್ನು ತಡೆದುಕೊಳ್ಳುತ್ತದೆ. ಹತ್ತಿಯಷ್ಟು ಈ ಔಷಧಕ್ಕೆ ಹೆದರುವ ಬೆಳೆ ಇನ್ನೊಂದಿಲ್ಲ.

ಗಾಳಿಗೆ ಹಾರಿ ಬಂದಿರಬಹುದು, ಬೇಕಂತ ಮಾಡಿರಲಿಕ್ಕಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆ ಸಮಾಧಾನವನ್ನು ಮುರಿದವರು ಚಾಚಾ. ಒಂದು ಮಧ್ಯಾಹ್ನ ಬೇವಿನ ಗಿಡದ ಕೆಳಗೆ ಕೂತಾಗ ದನಿ ಇಳಿಸಿ ಹೇಳಿದರು.

"ಬೇಟಿ, ನಾ ಹೇಳೀನಿ ಅಂತ ಯಾರ ಮುಂದೂ ಅನಬ್ಯಾಡ. ನನ್ನ ಚಕ್ಕಡಿ ದಾರಿ ನಿಮ್ಮಣ್ಣನ ಹೊಲದಾಗಿಂದ ಐತಿ. ಅವ ಕಸದ ಎಣ್ಣಿ ಹೊಡಿಯೂ ದಿನ ಗಾಳಿ ಅಗದಿ ಜೋರಿತ್ತು. ಗಾಳಿ ತಂಗಿ ಹೊಲದ ಕಡೆ ಐತಿ, ನಿಂದರಸಪಾ ಅಂದೆ. ಅದಕ್ಕ ಇವತ್ತ ಹೊಡಿಯಾಕತ್ತೀನಿ ಚಾಚಾ ಅಂದ. ನಕ್ಕ."

ಆ ನಗು ನಾನು ನೋಡಿರಲಿಲ್ಲ. ಆದರೆ ಅಂದಿನಿಂದ ಪಾಠ ಮಾಡುವಾಗ, ಉಣ್ಣುವಾಗ ಅದೇ ಕಣ್ಣ ಮುಂದೆ.

ಕುಂದಗೋಳದ ಅಂಗಡಿಗೆ ಹೋಗಿ ಅದೇ ಔಷಧದ ಡಬ್ಬಿ ತಂದೆ. ಪೂರ್ವಕ್ಕೆ ಅಣ್ಣನ ಮೆಣಸಿನ ಗಿಡಗಳು ಹೂವು ಬಿಡುತ್ತಿದ್ದವು. ಗಾಳಿ ಪಶ್ಚಿಮದಿಂದ ಬೀಸುತ್ತಿತ್ತು. ಪಂಪಿಗೆ ನೀರು ತುಂಬಿ, ಡಬ್ಬಿ ಕೈಯಲ್ಲಿ ಹಿಡಿದು ಬದುವಿನ ಮೇಲೆ ನಿಂತೆ. ಎದೆ ಡವಗುಡುತ್ತಿತ್ತು, ಅಂಗೈ ಬೆವೆತಿತ್ತು. ಸಿಟ್ಟಿನ ಹಾರ್ಮೋನು ರಕ್ತದಲ್ಲಿ ಹರಿದು ಹೃದಯದ ಕೋಶಗಳನ್ನು ಮುಟ್ಟಿದರೆ ಹೀಗೇ ಆಗುತ್ತದೆ ಎಂದು ನೂರು ಸಲ ಬೋರ್ಡಿನ ಮೇಲೆ ಬರೆದಿದ್ದೇನೆ. ಬರೆದದ್ದರಿಂದ ಸಿಟ್ಟೇನೂ ಇಳಿಯಲಿಲ್ಲ.

ಹೊಡೆಯಲಿಲ್ಲ. ಕರುಣೆ ಬಂತೆಂದು ಯಾರೂ ತಿಳಿಯಬಾರದು. ಅವನ ಮೆಣಸಿನ ಗಿಡ ಮುರುಟಿದರೆ ಊರು ಅದನ್ನೂ ನನ್ನ ಕಾಲ್ಗುಣಕ್ಕೇ ಹಚ್ಚುತ್ತದೆ. ಅವನ ಬೆಳೆ ಹೋಗುವುದು ನನಗೆ ಸಾಲದು. ಅವನು ಹಬ್ಬಿಸಿದ ಸುಳ್ಳು ಹೋಗಬೇಕು, ಅದೂ ಅವನ ಬಾಯಿಂದಲೇ, ಎಲ್ಲರೆದುರಿಗೆ. ಡಬ್ಬಿಯನ್ನು ಒಡೆಯದೆ ಅಂಗಡಿಗೆ ಹಿಂದಿರುಗಿಸಿದೆ.

ಮುಂದಿನ ರವಿವಾರ ನನ್ನ ಹೊಲದ ಮಣ್ಣನ್ನೇ ಒಂದು ಚೀಲ ತುಂಬಿಕೊಂಡು ಬಸ್ಸಿಗೆ ಹಾಕಿದೆ. ಮನೆಯ ಮಾಳಿಗೆಯ ಮೇಲೆ ಎರಡು ಕುಂಡಗಳಿಗೆ ಅದನ್ನು ತುಂಬಿ, ಉಳಿದಿದ್ದ ಅದೇ ಹತ್ತಿ ಬೀಜ ಊರಿದೆ. ದಿನಾ ಸಂಜೆ ಕಾಲೇಜಿನಿಂದ ಬಂದವಳೇ ಚಪ್ಪಲಿ ಬಿಡುವ ಮೊದಲು ಅವುಗಳ ಮುಂದೆ ಕೂರುತ್ತಿದ್ದೆ. ಎರಡೂ ಗಿಡ ಚೆನ್ನಾಗಿ ಬಂದವು. ನಾಲ್ಕೈದು ಎಲೆ ಬಿಟ್ಟ ಮೇಲೆ ಊರಿನ ಮಠಕ್ಕೆ ಒಯ್ದೆ. ನಮ್ಮಲ್ಲಿ ಜಗಳ ಕೋರ್ಟಿಗೆ ಹೋಗುವ ಮೊದಲು ಮಠದ ಸ್ವಾಮಿಗಳಾದ ಅಜ್ಜಾರ ಮುಂದೆ ಹೋಗುತ್ತದೆ. ಅಜ್ಜಾರು ಅಣ್ಣನನ್ನು ಕರೆಸಿದರು. ಹಿರಿಯರು ಬಂದರು. ಅವ್ವ ಅಣ್ಣನ ಮನೆಯಲ್ಲೇ ಇರುವವಳು. ಅವಳೂ ಬಂದು ಕಂಬಕ್ಕೆ ಒರಗಿ ಕೂತಳು.

ನಾನು ಹೇಳಿದ್ದನ್ನೆಲ್ಲ ಕೇಳಿ ಅಣ್ಣ ನಕ್ಕ. "ಅಜ್ಜಾರ, ಕಸದ ಎಣ್ಣಿ ಹೊಡದದ್ದು ಖರೆ. ನನ್ನ ಗೋವಿನಜೋಳದ ಮ್ಯಾಲೆನ ಹೊಡದೀನಿ. ಅದಕ್ಕ ಏನೂ ಆಗಿಲ್ಲ, ಬಾಜು ಹೊಲದ ಹತ್ತಿಗೆ ಆಗತೈತೇನ್ರಿ? ಬುಕ್ಕು ಓದಿ ಓದಿ ತೆಲಿ ಕೆಟ್ಟೈತಿ ಇಕೀದು."

"ಹಂಗಾರ ನೀ ಹೊಡದ ಡಬ್ಬಿ ತಾ," ಎಂದೆ. "ಅಜ್ಜಾರ ಮುಂದ ಒಂದ ಹನಿ ಹಚ್ಚೂಣು. ಏನೂ ಆಗಲಿಲ್ಲ ಅಂದ್ರ ಹೊಲಾ ನಿನ್ನ ಹೆಸರಿಗೆ ಬರದಕೊಡ್ತೀನಿ."

ಅವ್ವ, "ಏ, ಹಂಗ ಅನಬ್ಯಾಡ ಬೇ," ಎಂದಳು. ಅಣ್ಣನ ಕಣ್ಣು ಮಿನುಗಿತು. ಒಂದು ಹನಿಯಿಂದ ಏನಾಗುತ್ತದೆ ಎಂಬುದು ಅವನ ಲೆಕ್ಕ. ತಾನೇ ಮನೆಗೆ ಹೋಗಿ ಡಬ್ಬಿ ತಂದ.

ಒಂದು ಹನಿಯನ್ನು ಕೊಡ ನೀರಿಗೆ ಹಾಕಿದೆ. ಆ ನೀರಿನಲ್ಲಿ ಬತ್ತಿಯ ತುದಿ ಅದ್ದಿ, ಒಂದು ಗಿಡದ ಕೆಳಗಿನ ಒಂದೇ ಎಲೆಗೆ ಸವರಲು ಅಣ್ಣನ ಕೈಗೇ ಕೊಟ್ಟೆ. ಸವರಿದ. ಇನ್ನೊಂದು ಗಿಡದ ಎಲೆಗೆ ಬರೀ ನೀರು. ಎರಡನ್ನೂ ಮಠದ ಅಂಗಳದಲ್ಲಿ, ಎಲ್ಲರೂ ಹೋಗಿ ಬರುವ ಜಾಗದಲ್ಲಿ, ದೂರ ದೂರ ಇಡಿಸಿದೆ. ನೋಡಿಕೊಳ್ಳುವ ಭಾರ ಅಜ್ಜಾರದೇ.

ಆ ದಿನಗಳಷ್ಟು ಸುಖವಾಗಿ ನಾನು ಯಾವತ್ತೂ ಕಾದಿಲ್ಲ. ಭಯವೂ ಇತ್ತು. ನೀರು ಹೆಚ್ಚಾಗಿ ಏನೂ ಆಗದಿದ್ದರೆ ಹೊಲ ಹೋಯಿತು. ಎರಡನೆಯ ದಿನ ಮಠದಿಂದ ಫೋನು ಬಂತು, ಗಿಡದ ತುದಿ ಬಾಗಿದೆ ಎಂದು. ಎಣ್ಣೆ ಸವರಿದ ಎಲೆ ಕೆಳಗಿತ್ತು, ಬಾಗಿದ್ದು ತುದಿ. ಎಲೆಯ ಕೋಶಗಳು ಹೀರಿಕೊಂಡದ್ದು ಗಿಡದ ಒಳಗೇ ಹರಿದು ಚಿಗುರಿಗೆ ಮುಟ್ಟಿತ್ತು. ಹತ್ತು ಹನ್ನೆರಡು ದಿನದಲ್ಲಿ ಬಂದ ಹೊಸ ಎಲೆಗಳು ನನ್ನ ಹೊಲದ ಎಲೆಗಳ ತದ್ರೂಪ, ಬೆರಳು ಬೆರಳಾಗಿ. ಬರೀ ನೀರಿನ ಗಿಡ, ಅದೇ ಮಣ್ಣಿನಲ್ಲಿ, ಅಂಗೈ ಅಗಲದ ಎಲೆ ಬಿಟ್ಟು ನಿಂತಿತ್ತು. ಊರಿನ ಜನ ದೀಪ ಹಚ್ಚಲು ಬಂದವರು ಬಗ್ಗಿ ನೋಡಿ ಹೋಗುತ್ತಿದ್ದರಂತೆ. ಅಣ್ಣ ಮಠದ ದಾರಿ ಬಿಟ್ಟು ಸುತ್ತು ಹಾಕಿ ಓಡಾಡುತ್ತಿದ್ದನಂತೆ. ಈ ಸುದ್ದಿಯನ್ನು ಹೇಳಿದವರಿಂದ ಎರಡೆರಡು ಸಲ ಹೇಳಿಸಿಕೊಂಡೆ.

ಮತ್ತೆ ಸಭೆ ಸೇರಿದಾಗ ಅಣ್ಣ, "ಗಾಳಿ ನನ್ನ ಮಾತ ಕೇಳತೈತೇನು? ಹಾರಿರಬೇಕು," ಎಂದ. ಆಗ ಹಿಂದಿನಿಂದ ಚಾಚಾ ಎದ್ದು ನಿಂತರು. ನಾನು ಕರೆದಿರಲಿಲ್ಲ. "ಅಜ್ಜಾರ, ದಾರಿ ಬಂದ್ ಮಾಡಿದ್ರ ಮಾಡ್ಲಿ. ಹೊಡಿಬ್ಯಾಡ ಅಂತ ನಾ ತಡದೀನಿ. ಗಾಳಿ ನೋಡೇ ಹೊಡದಾನ್ರಿ ಇವ," ಎಂದರು.

ಅಜ್ಜಾರು ನನ್ನ ಕಡೆ ನೋಡಿ, "ಏನ ಬೇಕವ್ವಾ ನಿನಗ?" ಎಂದು ಕೇಳಿದರು. ಹಿರಿಯರು ನಷ್ಟಪರಿಹಾರದ ಮಾತು ತೆಗೆದರು.

"ಏನೂ ಬ್ಯಾಡ್ರಿ ಅಜ್ಜಾರ. ಹತ್ತಿ ಹಾಳಾಗಿದ್ದು ಮಣ್ಣಿಂದಲ್ಲ, ತಂಗಿ ಕಾಲ್ಗುಣದಿಂದಲ್ಲ, ನನ್ನ ಕೈಯಿಂದ ಅಂತ ಅವ ಹೇಳಬೇಕು."

ಅಣ್ಣ ನೆಲ ನೋಡುತ್ತ ಏನೋ ಗೊಣಗಿದ.

"ಹಿಂದ ಕುಂತವರಿಗೆ ಕೇಳಲಿಲ್ಲ," ಎಂದೆ.

ಅವನು ಮತ್ತೆ ಹೇಳಿದ, ಈ ಸಲ ಗಟ್ಟಿಯಾಗಿ. ಕಿವಿಯ ತುದಿ ಕೆಂಪಾಗಿತ್ತು. ನನಗೆ ಎಷ್ಟು ಹಿತವಾಯಿತೆಂದರೆ, ಅದನ್ನು ಮೂರನೆಯ ಸಲ ಹೇಳಿಸಬೇಕೆನ್ನಿಸಿತು. ಅಜ್ಜಾರ ಮುಖ ನೋಡಿ ಬಿಟ್ಟೆ.

ಹೊರಗೆ ಬಂದಾಗ ಅವ್ವ ನನ್ನ ಸೆರಗು ಹಿಡಿದು ನಿಲ್ಲಿಸಿದಳು. "ತುಂಬಿದ ಮಂದ್ಯಾಗ ಅಣ್ಣನ ಮಾರಿ ಕಳದಿ. ಸಮಾಧಾನ ಆತೇನು?"

"ಇನ್ನಾ ಆಗಿಲ್ಲಬೇ," ಎಂದೆ. ಸುಳ್ಳು ಹೇಳುವ ಮನಸ್ಸಿರಲಿಲ್ಲ. ಅವಳು ಕೈ ಬಿಟ್ಟಳು. ಮೂರು ತಿಂಗಳು ನನ್ನ ಫೋನು ಎತ್ತಲಿಲ್ಲ. ಅದಕ್ಕೆ ನಾನು ಅತ್ತದ್ದೂ ಉಂಟು, ಆದರೆ ಸಭೆಯನ್ನು ನೆನೆದು ಪಶ್ಚಾತ್ತಾಪ ಪಟ್ಟದ್ದಿಲ್ಲ.

ಹಾಳಾದ ಹತ್ತಿಯನ್ನು ಕಿತ್ತು ಹಿಂಗಾರಿಗೆ ಕಡಲೆ ಬಿತ್ತಿದೆ. ಹುಲುಸಾಗಿ ಬಂತು. ಚಾಚಾರ ದಾರಿಯನ್ನು ಅಣ್ಣ ಬಂದ್ ಮಾಡಲಿಲ್ಲ. ಧೈರ್ಯ ಸಾಲಲಿಲ್ಲವೆಂದೇ ನನ್ನ ನಂಬಿಕೆ. ಬೆಳೆ ಮುರುಟಿದರೆ ಈಗ ಜನ ಎಲೆ ಹಿಡಿದು ನನ್ನ ಮನೆಗೆ ಬರುತ್ತಾರೆ. ಹೆಚ್ಚಿನವು ಹುಳದವು, ರೋಗದವು. ನೋಡಿ ಹೇಳಿ ಕಳಿಸುತ್ತೇನೆ.

ಮರುವರ್ಷ ಮತ್ತೆ ಹತ್ತಿಯನ್ನೇ ಹಾಕಿದೆ. ಆಷಾಢದಲ್ಲಿ ಒಂದು ದಿನ ಅಣ್ಣ ಬದುವಿನ ತನಕ ಬಂದು, ನನ್ನ ಮುಖ ನೋಡದೆ, "ನಾಳಿ ಎಣ್ಣಿ ಹೊಡಿತೀನಿ. ನಸಿಕಿನ್ಯಾಗ, ಗಾಳಿ ಏಳೂದರೊಳಗ," ಎಂದ.

"ಹೂಂ," ಎಂದೆ.

ಕಾಲೇಜಿಗೆ ರಜೆ ಹಾಕಿದೆ. ಅವನು ಬರುವುದಕ್ಕಿಂತ ಮೊದಲೇ ಹೋಗಿ ಬದುವಿನ ಮೇಲೆ ನಿಂತೆ. ಅವನು ಪಂಪಿನ ಮೂತಿಯನ್ನು ನೆಲಕ್ಕೆ ತಾಗುವಷ್ಟು ಬಗ್ಗಿಸಿ ಹಿಡಿದು, ಸಾಲು ಮುಗಿಸಿ ತಿರುಗಿದಾಗಲೆಲ್ಲ ನನ್ನ ಕಡೆ ಒಮ್ಮೆ ನೋಡುತ್ತಿದ್ದ. ಗಾಳಿ ಸ್ವಲ್ಪ ಎದ್ದಾಗ ತಾನಾಗಿಯೇ ನಿಲ್ಲಿಸಿದ. ಚಾಚಾ ಊರಿನಿಂದ ಬರುವಾಗ ಅವ್ವ ಕೊಟ್ಟ ಬುತ್ತಿ ತಂದಿದ್ದರು, ಇಬ್ಬರಿಗೂ ಸೇರಿ ಒಂದೇ ಗಂಟು. ನನ್ನ ಪಾಲಿನ ಎರಡು ರೊಟ್ಟಿ, ಪಲ್ಲೆ ತೆಗೆದುಕೊಂಡು ಗಂಟನ್ನು ಮತ್ತೆ ಕಟ್ಟಿದೆ. ಅಣ್ಣ ಕೈ ತೊಳೆದು ಬಂದು ಕೈ ಚಾಚಿದ. ನಾನು ಕೈಗೆ ಕೊಡಲಿಲ್ಲ. ಬದುವಿನ ಮೇಲೆ ಇಟ್ಟು ನನ್ನ ಹೊಲಕ್ಕೆ ಇಳಿದೆ.