ಬೋರ್ಡಿನ ಮೇಲಿನ ಮುಖ

ಮೆಟ್ಟಿಲ ಕೆಳಗೆ ಯಾರೋ ಹೆಂಗಸು ಇಸ್ತ್ರಿ ಮೇಜು ಹಾಕಿದ್ದಾಳೆಂದು ಹಾಲಿನವನು ಹೇಳಿದ ದಿನವೇ ಮಹಡಿಯ ದೊಡ್ಡಮ್ಮನಿಗೆ ಅವಳ ನಗು ಕೇಳಿಸಿತ್ತು. ಮುಖ ಕಂಡದ್ದು ಆಮೇಲೆ. ಕೊಡ ಬಗ್ಗಿಸಿ ನೀರು ಸುರಿದಂತೆ ತಡೆಯಿಲ್ಲದ ನಗು. ಯಜಮಾನರು ಹೋದ ಮೇಲೆ ಸಪ್ಪಗಿದ್ದ ಮನೆಗೆ ಅದು ಬಾಗಿಲು ತಟ್ಟದೆ ಬಂದು ಕೂತಿತು. ದೊಡ್ಡಮ್ಮ ಸುಮ್ಮಸುಮ್ಮನೆ ಒಂದೊಂದೇ ಸೀರೆ ಹಿಡಿದು ಕೆಳಗಿಳಿಯುವುದನ್ನು ರೂಢಿ ಮಾಡಿಕೊಂಡರು.

ಇಸ್ತ್ರಿಯವಳಿಗೆ ಐವತ್ತರ ಹತ್ತಿರ. ಇಡೀ ದಿನ ಬಿಸಿಲಿಗೆ ಮುಖ ಕೊಟ್ಟು ನಿಲ್ಲುವ ಕೆಲಸ, ಕೆಂಡದ ಝಳ ಬೇರೆ; ಮುಖವೆಲ್ಲ ಸುಕ್ಕುಗಟ್ಟಿತ್ತು. ಅಂಗಡಿ ಕುದುರಿದ ಮೇಲೆ ಅವಳ ತಮ್ಮ, ಬೋರ್ಡು ಬರೆಯುವವನು, ಅಕ್ಕನ ಮುಖವನ್ನೇ ಬರೆದು ಮೇಲೆ ತೂಗುಹಾಕುತ್ತೇನೆಂದ. ಎದುರಿನ ಟೈಲರು ಸುಮ್ಮನಿರಬೇಕಲ್ಲ.

"ಬೇಡ ಅಕ್ಕಾ. ನಿಮ್ಮ ಮುಖ ನೋಡಿ, ಇಸ್ತ್ರಿ ಮಾಡೋಕೆ ಮರೆತಿದ್ದಾರೆ ಅಂದ್ಕೋತಾರೆ ಜನ."

ಎಲ್ಲರ ಜೊತೆ ಅವಳೂ ನಕ್ಕಳು. ಆದರೆ ಮಾತು ಒಳಗೆ ನಾಟಿತ್ತು. ಪಾರ್ಲರಿನಲ್ಲಿ ಕೇಳಿದರೆ ಕ್ರೀಮಿನ ಬೆಲೆಗೆ ತಲೆ ಗಿರ್ರೆಂದಿತು. ಕಣ್ಣಂಚಿನ ಗೆರೆ ನಗುವುದರಿಂದಲೇ ಬರುವುದು, ನಗು ಕಮ್ಮಿ ಮಾಡಿ ಎಂಬ ಬುದ್ಧಿವಾದ ಮಾತ್ರ ಪುಕ್ಕಟೆ ಸಿಕ್ಕಿತು. ಅಂದಿನಿಂದ ಮೆಟ್ಟಿಲ ಕೆಳಗೆ ಗಪ್‌ಚಿಪ್. ಮೇಲೆ ದೊಡ್ಡಮ್ಮನಿಗೆ ಊಟ ರುಚಿಸಲಿಲ್ಲ.

ಒಂದು ಮಧ್ಯಾಹ್ನ ಸೀರೆ ಹಿಡಿದು ಇಳಿದರೆ, ಅವಳು ಗೊಂಬೆಯ ಹಾಗೆ ಕತ್ತು ನೆಟ್ಟಗೆ ಮಾಡಿ ನಿಂತಿದ್ದಳು. ಮುಖದ ತುಂಬ ಕಾಲರಿಗೆ ಹಾಕುವ ಗಂಜಿ! ಅಂಗಿಗೆ ಆಗುವುದು ಮುಖಕ್ಕೇಕೆ ಆಗಬಾರದೆಂದು ಬಳಿದುಕೊಂಡಿದ್ದಳಂತೆ. ಒಣಗಿ ಎಲ್ಲ ಬಿಗಿದು ನಿಂತಿದ್ದೇನೋ ನಿಜ. ಅಷ್ಟರಲ್ಲಿ ಕರಿಕೋಟು ಒಯ್ಯಲು ಬಂದ ವಕೀಲರು, ಏನಮ್ಮಾ, ಇವತ್ತು ನಿನ್ನನ್ನೂ ಮಡಿಸಿ ಇಡಬಹುದಾ ಎಂದುಬಿಟ್ಟರು. ಅವಳಿಗೆ ನಗು ತಡೆಯಲಾಗಲಿಲ್ಲ. ಗಂಜಿ ಹಪ್ಪಳದಂತೆ ಒಡೆದು, ಆಗಷ್ಟೇ ಇಸ್ತ್ರಿಯಾದ ಕೋಟಿನ ಮೇಲೆಲ್ಲ ಉದುರಿತು. ವಕೀಲರು ಕೋಟು ಕೊಡವುತ್ತಲೇ ನಕ್ಕರು. ದೊಡ್ಡಮ್ಮ ಹೊಟ್ಟೆ ಹಿಡಿದುಕೊಂಡು ಮೆಟ್ಟಿಲ ಮೇಲೇ ಕೂತುಬಿಟ್ಟರು.

ಮುಖ ತೊಳೆಸಿದ ಮೇಲೆ ದೊಡ್ಡಮ್ಮನೇ ಹೇಳಿದರು:

"ಒಣಬಟ್ಟೆಗೆ ನೀರು ಚಿಮುಕಿಸದೆ ಇಸ್ತ್ರಿ ಎಳೀತೀಯೇನೇ? ಮುಖಾನೂ ಹಾಗೇ. ತೊಳೆದು ಒದ್ದೆ ಇರುವಾಗಲೇ ನೀರು ಬೆರೆಸಿದ ಗ್ಲಿಸರಿನ್ ಹಚ್ಚು. ಮೇಜನ್ನ ನೆರಳಿಗೆ ತಿರುಗಿಸು. ಹುಬ್ಬು ಗಂಟುಹಾಕಿ ಗುಂಡಿ ಹುಡುಕೋ ಬದಲು ಚಾಳೀಸು ಹಾಕ್ಕೋ. ಹೋಗೋ ಗೆರೆ ಹೋಗುತ್ತೆ. ನಕ್ಕು ಬಂದದ್ದು ಇರ್ಲಿ ಬಿಡು."

ಕೆಲವು ತಿಂಗಳಲ್ಲಿ ಬಿರಿದ ನೆಲದಂತಿದ್ದ ಕೆನ್ನೆ ಮೆತ್ತಗಾಯಿತು. ಕನ್ನಡಕ ಬಂದ ಮೇಲೆ ಹುಬ್ಬಿನ ಗಂಟೂ ಸಡಿಲವಾಯಿತು. ಕಣ್ಣಂಚಿನ ಗೆರೆಗಳು ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಅಕ್ಕನಿಗೆ ಖುಷಿಯಾಗಲೆಂದು ತಮ್ಮ ಅವನ್ನು ಬಿಟ್ಟು, ಮುಖವನ್ನು ನುಣ್ಣಗೆ ಬರೆದು ಬೋರ್ಡು ಏರಿಸಿದ. ಅವತ್ತು ಬಂದ ಹೊಸ ಗಿರಾಕಿ ಬಟ್ಟೆಗಂಟು ಇಳಿಸಿ, ತಲೆಯೆತ್ತಿ ಬೋರ್ಡು ನೋಡಿ, "ಮಗಳಿಲ್ವೇನಮ್ಮಾ? ಅವಳ ಕೈಯಲ್ಲೇ ಕೊಡೋಣ ಅಂತಿದ್ದೆ" ಎಂದ.

ಅವಳು ನಕ್ಕದ್ದು ಮಹಡಿಯವರೆಗೂ ಕೇಳಿಸಿತು. ದೊಡ್ಡಮ್ಮ ಸೀರೆಯ ನೆಪವೂ ಇಲ್ಲದೆ ಇಳಿದು ಬಂದರು. ತಮ್ಮ ಆಗಲೇ ಏಣಿ ಹತ್ತಿ, ಕುಂಚ ಅದ್ದಿ, ಅಪ್ಪಣೆಗೆ ಕಾಯುತ್ತಿದ್ದ. ಇಸ್ತ್ರಿಯವಳು ಬೋರ್ಡಿನ ಕೆಳಗೆ ನಿಂತು, ಇನ್ನೂ ಬಾಯ್ತುಂಬ ನಗುತ್ತಲೇ, ಮುಖವನ್ನು ಅವರತ್ತ ತಿರುಗಿಸಿದಳು.

"ಸರಿಯಾಗಿ ನೋಡಿ ಹೇಳಿ ದೊಡ್ಡಮ್ಮಾ, ಕಣ್ಣ ಹತ್ರ ಎಷ್ಟು ಗೆರೆ ಎಳೀಲಿ ಇವನು?"