ಪಕ್ಕದ ಹಿತ್ತಿಲಲ್ಲಿ ಸಿಕ್ಕಿದ ತಂಬಿಗೆ

ಅವತ್ತು ಅವರೆಕಾಳು ಹಿತಕುತ್ತಾ ಕೂತಿದ್ದೆ. ಪರದೇಶದ ನಮ್ಮೂರು ಮಿಲ್ಟನ್ನಿನ ಇಂಡಿಯನ್ ಅಂಗಡಿಯ ಫ್ರೀಜರಿನಿಂದ ಬಂದ ಕಾಳು. ಸೊಗಡಿಲ್ಲ, ಆದರೂ ಸಿಕ್ಕಿತಲ್ಲ, ಅದೇ ದೇವರ ದಯೆ. ಅಷ್ಟರಲ್ಲಿ ಬೇಲಿಯಾಚೆಯಿಂದ ವಾಲ್ಟರ್ ಕೂಗಿದರು.

ವಾಲ್ಟರ್ ನಮ್ಮ ಪಕ್ಕದ ಮನೆಯವರು, ನಿವೃತ್ತ ಪೋಸ್ಟ್‌ಮ್ಯಾನ್. ಕೋಲಿನ ತುದಿಗೆ ತಟ್ಟೆ ಸಿಕ್ಕಿಸಿದಂಥ ಯಂತ್ರ ಹಿಡಿದು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ನೆಲದೊಳಗಿನ ಹಳೇ ನಾಣ್ಯ ಹುಡುಕುವುದು ಅವರ ಹುಚ್ಚು. ನಮ್ಮ ಬೀದಿ ಹಿಂದೆ ಹೊಲವಾಗಿತ್ತಂತೆ. ಮನೆಗಳು ಏಳುವ ಮುಂಚೆಯೇ ಅವರ ಕ್ಲಬ್ಬಿನವರು ಅದನ್ನು ಇಂಚಿಂಚು ಜಾಲಾಡಿದ್ದರಂತೆ. ಆದರೂ ವಾಲ್ಟರ್ ಪ್ರತಿ ವರ್ಷ ಹಿಮ ಕರಗಿದೊಡನೆ ಅದೇ ಹಿತ್ತಿಲನ್ನು ಮತ್ತೆ ಹುಡುಕುತ್ತಾರೆ. ಹುಡುಕಿ ಮುಗಿದ ಜಾಗದಲ್ಲೇ ಹುಡುಕಬೇಕು, ಎಲ್ಲರೂ ಅವಸರದಲ್ಲಿ ಏನಾದರೂ ಬಿಟ್ಟಿರುತ್ತಾರೆ ಎನ್ನುವುದು ಅವರ ವಾದ. ಸಿಕ್ಕಿದ್ದೆಲ್ಲ ಬಾಟಲಿ ಮುಚ್ಚಳ, ಲಾಳದ ಮೊಳೆ. ಅಡುಗೆಮನೆ ಕಿಟಕಿಯಿಂದ ನೋಡಿ ನಾನೂ ನಕ್ಕಿದ್ದೇನೆ. ಕಾಣೆಯಾದ ಸೌಟನ್ನು ಒಂದೇ ಡ್ರಾಯರಿನಲ್ಲಿ ನಾಲ್ಕು ಸಲ ಹುಡುಕುವ ನನಗೆ ನಗುವ ಹಕ್ಕಿಲ್ಲ, ಆ ಮಾತು ಬೇರೆ.

ಅವತ್ತು ಅವರ ಕೈಯಲ್ಲಿ ಮಣ್ಣು ಮೆತ್ತಿದ ತಾಮ್ರದ ತಂಬಿಗೆ ಇತ್ತು. ಆಳಕ್ಕೆ ಇಳಿಯುವ ಹೊಸ ಯಂತ್ರಕ್ಕೆ ಹಿತ್ತಿಲ ಮೂಲೆಯಲ್ಲಿ ಸಿಕ್ಕಿತಂತೆ. ಒಳಗೆ ಬ್ರಿಟಿಷ್ ರಾಜನ ಮುಖದ ನಾಣ್ಯಗಳು. ಹೊಲದ ಹಳೇ ಯಜಮಾನ ಇಂಡಿಯಾದಲ್ಲಿ ಸಿಪಾಯಿಯಾಗಿದ್ದಿರಬೇಕು ಎನ್ನುತ್ತಾ ತಂಬಿಗೆಯನ್ನು ನನ್ನ ಮುಖದ ಹತ್ತಿರಕ್ಕೇ ಹಿಡಿದರು. ಶನಿವಾರ ಕ್ಲಬ್ಬಿನವರು ಕ್ಯಾಮೆರಾ ಹಿಡಿದು ಬರುತ್ತಾರೆ, ಅದಕ್ಕೆ ಮುಂಚೆ ತಂಬಿಗೆಯ ಮೇಲಿನ ಈ ಲಿಪಿ ಏನೆಂದು ಓದಿ ಹೇಳುತ್ತೀರಾ ಎಂದು ಕೇಳಿದರು.

ಓದಿದೆ. ಚುಕ್ಕಿ ಚುಕ್ಕಿಯಾಗಿ ಕೊರೆದ ನನ್ನ ಹೆಸರು. ಅದರ ಕೆಳಗೆ ‘ಸೋದರತ್ತೆಯ ಉಡುಗೊರೆ’.

ಕನ್ನಡಕವಿಲ್ಲ, ನಾಳೆ ಹೇಳುತ್ತೇನೆ ಅಂದೆ. ಕನ್ನಡಕ ಮೂಗಿನ ಮೇಲೇ ಇತ್ತು. ಪಾಪ, ಸಂಭ್ರಮದಲ್ಲಿ ಅವರು ಗಮನಿಸಲಿಲ್ಲ.

ಹದಿನಾರು ವರ್ಷದ ಹಿಂದೆ ಇಲ್ಲಿ ಇದ್ದದ್ದು ಬರೀ ಮಣ್ಣು ಮತ್ತು ಒಂದೊಂದು ಸೈಟಿಗೂ ಲಾಟ್ ನಂಬರು ಬರೆದ ಗೂಟಗಳು. ಭೂಮಿಪೂಜೆಗೆ ಬಿಲ್ಡರು ಒಪ್ಪಲಿಲ್ಲ. ಕೆಲಸದವರು ಹೋದ ಮೇಲೆ ಒಂದು ಸಂಜೆ ನಾವು ಗಂಡಹೆಂಡತಿ ಕಳ್ಳರಂತೆ ನುಗ್ಗಿದೆವು. ಮೈಸೂರಿನ ಪುರೋಹಿತರು ಫೋನಿನಲ್ಲಿ ಆಕಳಿಸುತ್ತಾ ಮಂತ್ರ ಹೇಳಿದರು, ಅಲ್ಲಿ ಇನ್ನೂ ಬೆಳಗಿನ ಜಾವ. ತಂಬಿಗೆಗೆ ಪಂಚಲೋಹ, ನವಧಾನ್ಯ, ಅಜ್ಜಿ ಕೊಟ್ಟ ಕಾಲಾಣೆಗಳನ್ನು ಹಾಕಿದೆ. ಈಶಾನ್ಯ ಮೂಲೆ ಯಾವುದು ಎಂದರೆ ನಮ್ಮ ಯಜಮಾನರು, ಎಂಜಿನಿಯರಲ್ಲವೇ, ನಕ್ಷೆ ಬಿಡಿಸದೆಯೇ ಬೆರಳು ತೋರಿಸಿದರು. ಅಲ್ಲೇ ಹೂತೆವು.

ಆಮೇಲೆ ನಮ್ಮ ಹಿತ್ತಿಲಿನ ಈಶಾನ್ಯಕ್ಕೆ ನಾನು ಕೈಮುಗಿಯದ ದಿನವಿಲ್ಲ. ಯಜಮಾನರ ಬರ್ಲಿಂಗ್ಟನ್ ಆಫೀಸಿನಲ್ಲಿ ಅರ್ಧ ಜನರನ್ನು ಕೆಲಸದಿಂದ ತೆಗೆದಾಗ ಇವರು ಉಳಿದದ್ದು, ಹೈವೇಯಲ್ಲಿ ಕಾರು ಜಾರಿಯೂ ಮಗಳಿಗೆ ಏನೂ ಆಗದಿದ್ದದ್ದು, ಹಾಲು ಉಕ್ಕುವ ಮುಂಚೆ ಒಲೆಯ ನೆನಪಾದದ್ದು, ಎಲ್ಲ ಆ ತಂಬಿಗೆಯ ಮಹಿಮೆ ಎಂದೇ ನಂಬಿದ್ದೆ.

ಸಂಜೆ ಯಜಮಾನರಿಗೆ ಹೇಳಿದರೆ ನಕ್ಕು ನಕ್ಕು ಕೆಮ್ಮಿದರು. “ಹದಿನಾರು ವರ್ಷ ಖಾಲಿ ಮೂಲೆಗೆ ದೀಪ ಹಚ್ಚಿದೀಯಲ್ಲೇ. ಆಶೀರ್ವಾದ ಎಲ್ಲಾ ವಾಲ್ಟರ್‌ಗೆ ಡೈರೆಕ್ಟ್ ಡೆಪಾಸಿಟ್.”

“ಈಶಾನ್ಯ ತೋರಿಸಿದ್ದು ನೀವು ತಾನೇ ರೀ?”

“ದಿಕ್ಕು ಕರೆಕ್ಟಾಗೇ ಹೇಳಿದ್ದೆ. ಲಾಟು ತಪ್ಪಾಯ್ತು, ಅಷ್ಟೆ.”

ನನಗೆ ನಗು ಬರಲಿಲ್ಲ. ಒಂದು ಮಳೆಗೆ ಬೀದಿಯವರ ಬೇಸ್‌ಮೆಂಟೆಲ್ಲ ತುಂಬಿ ನಮ್ಮ ಅಕ್ಕಿ ಮೂಟೆ ತೇಲಿದಾಗ ವಾಲ್ಟರ್ ಮನೆಯಲ್ಲಿ ಒಂದು ಹನಿ ನೀರಿರಲಿಲ್ಲ. ನಿಜ ಹೇಳುತ್ತೇನೆ, ಹೊಟ್ಟೆ ಉರಿಯಿತು. ನನಗೆ ನನ್ನ ತಂಬಿಗೆ ಬೇಕಾಗಿತ್ತು. ಆದರೆ ಕೇಳಿದರೆ, ಜನ್ಮವೆಲ್ಲ ಹುಡುಕಿದವರಿಗೆ ಸಿಕ್ಕಿದ ಒಂದೇ ನಿಧಿ ಪಕ್ಕದ ಮನೆಯ ಪಾತ್ರೆಯಾಗಿಬಿಡುತ್ತದೆ. ಸುಮ್ಮನಿದ್ದು, ಶನಿವಾರ ಯಾರಾದರೂ ಆ ಅಕ್ಷರ ಓದಿಸಿದರೆ ಎಲ್ಲರೆದುರು ನಗೆಪಾಟಲಾಗುವವರು ಅವರೇ.

ಮರುದಿನ ಒಂದು ಡಬ್ಬಿ ಚಕ್ಕುಲಿ ಹಿಡಿದು ಹೋಗಿ ಎಲ್ಲ ಹೇಳಿಬಿಟ್ಟೆ. ವಾಲ್ಟರ್ ಹೆಬ್ಬೆರಳಿನಿಂದ ಆ ಅಕ್ಷರಗಳ ಮೇಲಿನ ಮಣ್ಣು ಒರೆಸಿದರು. ತಂಬಿಗೆ ಅವರ ತೊಡೆಯ ಮೇಲಿತ್ತು. ಇದು ಏನು ಮಾಡುತ್ತದೆ ಎಂದು ಕೇಳಿದರು. ಮನೆ ಕಾಯುತ್ತದೆ ಅಂದೆ. ತಮ್ಮ ಮನೆಯ ಕಡೆ ಒಂದು ಗಳಿಗೆ ನೋಡಿ, “ಹಾಗಾದರೆ ಇದು ನಿಮ್ಮದು” ಎಂದು ಎರಡೂ ಕೈಯಲ್ಲಿ ಚಾಚಿದರು. ಚಾಚಿದರೇ ಹೊರತು ಬೆರಳು ಬಿಡಲಿಲ್ಲ.

ಆ ಬೆರಳು ನೋಡುತ್ತಾ ನಿಂತೆ. ಯಜಮಾನರ ಕೆಲಸ, ಮಗಳ ಜೀವ, ಒಲೆಯ ಮೇಲಿನ ಹಾಲು. ತಂಬಿಗೆ ಇಲ್ಲದೆಯೇ ಎಲ್ಲ ಉಳಿದಿತ್ತು. ಕೊಡುವವನು ಲಾಟ್ ನಂಬರು ನೋಡಿರಲಿಲ್ಲ.

“ನಿಮ್ಮ ಮನೆ ಕಾದು ಅದಕ್ಕೆ ರೂಢಿಯಾಗಿದೆ, ಅಲ್ಲೇ ಇರಲಿ,” ಅಂದೆ. “ಒಂದು ಕಾಲಾಣೆ ಮಾತ್ರ ತಗೊಳ್ಳಿ, ಹುಡುಕಿದ್ದಕ್ಕೆ.”

ಹೊಸ ನವಧಾನ್ಯ ಹಾಕಿಕೊಟ್ಟೆ, ವಾಲ್ಟರೇ ಹೂತರು. ಶನಿವಾರ ಕ್ಲಬ್ಬಿನವರಿಗೆ ಆ ಕಾಲಾಣೆ ತೋರಿಸಿ, ನನ್ನ ಹಿತ್ತಿಲಲ್ಲೇ ಸಿಕ್ಕಿತು ಅಂದರು. ಅದರಲ್ಲಿ ಸುಳ್ಳೇನಿದೆ? ಇಂಡಿಯಾದ ನಾಣ್ಯ ಮಿಲ್ಟನ್ನಿನ ಹೊಲಕ್ಕೆ ಹೇಗೆ ಬಂತೆಂದು ಅವರೆಲ್ಲ ಒಂದು ಗಂಟೆ ವಾದ ಮಾಡಿ, ಆ ಸಿಪಾಯಿಯೇ ತಂದದ್ದು ಎಂದು ಒಪ್ಪಿಕೊಂಡರು. ತಂಬಿಗೆಯ ಮೂಲೆಯಲ್ಲಿ ಅವರ ಯಂತ್ರಗಳು ಅರಚಿದವು, ಆದರೆ ವಾಲ್ಟರ್ ಬಲು ಜಾಣರು. ಅದರ ಮೇಲೆ ಕಬ್ಬಿಣದ ಬಾರ್ಬೆಕ್ಯೂ ಒಲೆ ಎಳೆದು ನಿಲ್ಲಿಸಿದ್ದರು, ಯಂತ್ರ ಅರಚಿದ್ದು ಒಲೆಗೇ ಎಂದುಕೊಂಡರು ಎಲ್ಲರೂ. ಅದರಲ್ಲಿ ಏನು ಬೇಯುತ್ತಿತ್ತೋ ನಾನು ನೋಡಲಿಲ್ಲ. ದೇವರೂ ನೋಡದಿರಲಿ.

ಬೇಲಿಯ ಈಚೆ ಕೂತಿದ್ದ ನನಗೆ ನಮ್ಮ ಮನೆಯೊಳಗೆ ಡ್ರೈಯರ್ ನಿಂತ ಸದ್ದು ಕೇಳಿಸಿತು. ಬಟ್ಟೆ ಮಡಿಸಲು ಎದ್ದೆ.