ಹಳಿಗೆ ಹಚ್ಚಿದ ಎಣ್ಣೆ

ರುದ್ರೇಶ, ನೀನು ಕದ್ದಿರಲಿಲ್ಲ. ಅದು ನನಗೆ ಆರು ವರ್ಷದಿಂದ ಗೊತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ — ನಾಳೆ ನಿನ್ನೆದುರು ತಡವರಿಸಬಾರದೆಂದು ಇವತ್ತು ಬರೆದುಕೊಳ್ಳುತ್ತಿದ್ದೇನೆ.

ತಿಪಟೂರಿನ ಮಂಡಿಯಲ್ಲಿ ಮೂವತ್ತು ವರ್ಷ ಕೊಬ್ಬರಿ ಆರಿಸಿದವನು ನಾನು. ಹೊರಗೆ ಚೆನ್ನಾಗಿ ಕಂಡಷ್ಟೂ ಒಳಗೆ ಕೊಳೆತಿರಬೇಕು ಎಂದು ಒಡೆದು ನೋಡುವ ಕೈ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ನನ್ನದು ಹುಟ್ಟಿನದೂ ಅಲ್ಲ, ಕಲಿತದ್ದು. ಕೆಲಸ ಬಿಟ್ಟ ಮೇಲೂ ಅದು ಬಿಡಲಿಲ್ಲ.

ಕೊಬ್ಬರಿ ಅಟ್ಟದ ಕೆಳಗಿನ ಕೋಣೆಯಲ್ಲಿ, ಮಂಚದಗಲದ ಹಲಗೆಯ ಮೇಲೆ ನಾವಿಬ್ಬರೂ ಸೇರಿ ಪುಟ್ಟ ರೈಲು ಹಾಸಿದ್ದೆವು. ಗೇಣುದ್ದದ ಡೀಸೆಲ್ ಇಂಜಿನ್ನಿಗೆ ಸದ್ದಿನ ಡಿಕೋಡರ್ ತರಿಸಿದೆ — ಉಗುರಗಲದ ಚಿಪ್, ಹಳಿಯಿಂದ ಕರೆಂಟು ಹಿಡಿದು ಇಂಜಿನ್ನನ್ನು ಗುರುಗುಟ್ಟಿಸುತ್ತದೆ, ಹಾರ್ನ್ ಹೊಡೆಸುತ್ತದೆ. ತುರುವೇಕೆರೆಯಲ್ಲಿ ರಿಪೇರಿ ಅಂಗಡಿ ಇಟ್ಟಿದ್ದ ನೀನೇ ಅದನ್ನು ಒಯ್ದು ಬೆಸೆದು ತಂದೆ.

ಆಮೇಲೆ ಚಳಿ ಶುರುವಾಯಿತು, ಇಂಜಿನ್ನಿನ ರಗಳೆಯೂ. ಒಂದು ಮೊಳ ಹೋಗುವುದು, ಮುಗ್ಗರಿಸಿ ನಿಲ್ಲುವುದು, ಸದ್ದು ಕಡಿದು ಮತ್ತೆ ಮೊದಲಿನಿಂದ ಸ್ಟಾರ್ಟ್ ಆಗುವುದು.

ನೀನು ಬರುತ್ತಿದ್ದುದು ಭಾನುವಾರ ಬೆಳಿಗ್ಗೆ. ನೀನಿದ್ದಾಗ ನಿಲ್ಲುತ್ತಿತ್ತು, ಮಧ್ಯಾಹ್ನದ ಬಸ್ಸಿಗೆ ನೀನು ಹೋದ ಮೇಲೆ ಓಡುತ್ತಿತ್ತು. ಇವನೇ ಏನೋ ಮಾಡುತ್ತಿದ್ದಾನೆ — ಅಸಲಿ ಚಿಪ್ ತಾನಿಟ್ಟುಕೊಂಡು ನನಗೆ ಯಾವುದೋ ನಕಲಿ ಅಂಟಿಸಿದ್ದಾನೆ ಎಂದುಕೊಂಡೆ. ನೀನು ಬಗ್ಗಿದರೆ ಕೈ ನೋಡುತ್ತಿದ್ದೆ, ಎದ್ದರೆ ಜೇಬು ನೋಡುತ್ತಿದ್ದೆ.

"ಹಳಿಗೆ ಎಣ್ಣೆ ಸವರಬ್ಯಾಡ ಕಣ್ಲಾ, ಒಣಗಿರ್ಲಿ" ಎಂದು ನೀನು ಒಮ್ಮೆ ಹೇಳಿದೆ. ಅದಕ್ಕೂ ಅನುಮಾನ. ಬಾಗಿಲ ಕೀಲು, ಬೀಗ, ಹೊಲಿಗೆ ಮಿಷನ್ನು, ಕೂಸಿನ ನೆತ್ತಿ — ನಮ್ಮ ಕಡೆ ಕೊಬ್ಬರಿ ಎಣ್ಣೆ ಬೇಡ ಅನ್ನುವವನು ಯಾರು? ಹಳಿ ತುಕ್ಕು ಹಿಡಿಯಲಿ ಅಂತಲೇ ಹೇಳುತ್ತಿದ್ದಾನೆ ಎಂದುಕೊಂಡೆ. ಪ್ರತಿ ಶನಿವಾರ ಸಂಜೆ, ನೀನು ಬರುವ ಮುನ್ನ, ಒಂದು ಕೈ ಹೆಚ್ಚೇ ಸವರಿದೆ.

ಕೊನೆಗೆ ನಿನ್ನ ಅಂಗಡಿಗೇ ಬಂದು, ನಾಲ್ಕು ಜನ ಗಿರಾಕಿಗಳ ಮುಂದೆ ನಾನು ಅಂದ ಮಾತು ಇದು: "ಅಸಲಿ ಎತ್ಕೊಂಡು ನಕಲಿ ಹಾಕವ್ನೆ. ಇವನ ಕೈಗೆ ಸಾಮಾನು ಕೊಡೋರು ನೋಡ್ಕೊಂಡು ಕೊಡ್ರಪ್ಪ."

ನೀನು ಕೈಯಲ್ಲಿದ್ದುದನ್ನು ಕೆಳಗಿಟ್ಟು "ಆಯ್ತು, ಬುಡು" ಅಂದೆ. ಅಷ್ಟೇ. ಆಮೇಲೆ ನಮ್ಮ ಮನೆಗೆ ಬರಲಿಲ್ಲ.

ಹದಿನೈದು ದಿನವೂ ಆಗಿರಲಿಲ್ಲ. ಬೆಳಿಗ್ಗೆ ನನ್ನ ಹೆಂಡತಿ ಎಣ್ಣೆ ಬಾಟಲಿ ಕೈಗೆ ಕೊಟ್ಟು "ಗಟ್ಟಿಯಾಗೈತೆ, ಬಿಸಿಲಿಗಿಡ್ರೀ, ಮಧ್ಯಾಹ್ನಕ್ಕೆ ಕರಗ್ತದೆ" ಅಂದಳು. ಆ ಬಾಟಲಿ ಹಿಡಿದುಕೊಂಡೇ ಕೋಣೆಗೆ ಹೋಗಿ ಹಳಿ ಮುಟ್ಟಿದೆ. ಬೆರಳಿಗೆ ಮೇಣದಂತೆ ಬೆಳ್ಳಗೆ ಅಂಟಿತು, ಜೊತೆಗೆ ಅಟ್ಟದಿಂದ ಉದುರಿದ ನಾರಿನ ಧೂಳು. ನೀನು ಬರುತ್ತಿದ್ದ ಬೆಳಗಿನ ಚಳಿಯಲ್ಲಿ ಕರೆಂಟು ಚಕ್ರಕ್ಕೆ ತಲುಪುವುದಾದರೂ ಹೇಗೆ? ಹಳಿಯನ್ನೂ ಚಕ್ರವನ್ನೂ ಸ್ಪಿರಿಟ್ಟಿನಲ್ಲಿ ಒರೆಸಿದೆ. ಇಂಜಿನ್ ಹಾರ್ನ್ ಹೊಡೆಯುತ್ತಾ ಸುತ್ತಿತು, ಸುತ್ತಿತು — ನಿಲ್ಲಲೇ ಇಲ್ಲ. ಆ ಸದ್ದು ಕೇಳಲಾರದೆ ನಾನೇ ಆರಿಸಿದೆ.

ಆ ಹೊತ್ತೇ ಬಸ್ಸು ಹತ್ತಬೇಕಿತ್ತು. ನೀನು ಮುಖಕ್ಕೆ ಉಗಿಯುತ್ತೀಯೆಂಬ ಭಯ — ಅಲ್ಲ, ಅದೂ ಸುಳ್ಳು. ನೀನು ಕಳ್ಳನಾಗಿ ಉಳಿದರೆ ನಾನು ಪೆದ್ದನಾಗದೆ ಉಳಿಯುತ್ತೇನೆ, ಅಷ್ಟೇ.

ಮೊನ್ನೆ ನಿನ್ನ ಅಂಗಡಿಗೆ ಮಿಕ್ಸಿ ರಿಪೇರಿಗೆ ಬಂದಿದ್ದ ನನ್ನ ತಂಗಿ ಹೇಳಿದಳು: "ಆವಯ್ಯ ಸಾಮಾನು ಬಿಟ್ಟೋಗಕ್ಕೆ ಬಿಡಲ್ಲ ಕಣಣ್ಣ. ಎದುರಿಗೇ ಕೂರಿಸ್ಕೊಂಡು ಬಿಚ್ತಾನೆ. ತೆಗೆದ ಹಳೇದೆಲ್ಲ ಪೊಟ್ಟಣ ಕಟ್ಟಿ ಕೈಗೆ ಕೊಡ್ತಾನೆ. ಆರು ವರ್ಷದಿಂದ ಹಂಗೇ ಅಂತೆ."

ನಾಳೆ ಬರುತ್ತೇನೆ, ಅಂಗಡಿಯಲ್ಲಿ ಜನ ಇರುವ ಹೊತ್ತಿಗೆ. ಅಂದು ಆಡಿದಷ್ಟೇ ಜೋರಾಗಿ ಇದನ್ನೆಲ್ಲ ಹೇಳುತ್ತೇನೆ. ನೀನು "ಬುಡು" ಅನ್ನಬೇಡ. ಇಂಜಿನ್ನಿನ ಸ್ಪೀಕರು ಈಗ ನಿಜವಾಗಿಯೂ ಕೆಟ್ಟಿದೆ; ಅದನ್ನು ನಿನ್ನ ಮೇಜಿನ ಮೇಲಿಟ್ಟು ಹೊರಗೆ ಹೋಗುತ್ತೇನೆ. ನೀನು ಬಿಚ್ಚುವಾಗ ನಾನು ಎದುರಿಗೆ ಕೂರುವುದಿಲ್ಲ.